ಬೋನ್ಸಾಯ್ ಡಿಸ್ಕು

ಗಂಡ ತೀರಿಕೊಂಡು ಐದು ತಿಂಗಳಾದರೂ ಬೋನ್ಸಾಯ್ ಕಲಿಸುವ ವಿಡಿಯೋ ಡಿಸ್ಕು ಅವನ ಹೆಸರಿಗೆ ತಿಂಗಳು ತಪ್ಪದೆ ಅಂಚೆಯಲ್ಲಿ ಬರುತ್ತಿತ್ತು. ಪ್ರತಿ ಸಲವೂ ‘ಶ್ರೀ ಪ್ರಭಂಜನ’ ಎಂಬ ಹೆಸರಿನ ಎದುರು ಅವಳೇ ರುಜು ಹಾಕಬೇಕು. ಈ ಸಲ ಕೈ ಏಳಲಿಲ್ಲ. ಕಂಪನಿಗೆ ಫೋನ್ ಮಾಡಿದಳು.

“ಚಂದಾ ನಿಲ್ಲಿಸೋಕೆ ಸರ್ ಅವರೇ ಮಾತಾಡಬೇಕು, ಮೇಡಂ.”

“ಅವರಿಲ್ಲ ಅಂತ ಎಷ್ಟು ಸಲ ಹೇಳಲಮ್ಮ?”

“ಹಾಗಾದ್ರೆ ಯಾವಾಗ ಸಿಗ್ತಾರೆ?”

“ಇನ್ನು ಸಿಗಲ್ಲ. ಸತ್ತುಹೋದರು. ಅವರ ಹೆಸರಲ್ಲಿ ನಿಮ್ಮ ಹತ್ತಿರ ಇರೋದನ್ನೆಲ್ಲ ಅಳಿಸಿಹಾಕಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಆ ಕಡೆಯ ಹುಡುಗಿ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

“ಎಲ್ಲ ಅಳಿಸಿದೆ, ಅಕ್ಕಾ. ಮುಂದಿನ ಡಿಸ್ಕಿಗೆ ಅಂತ ಇಟ್ಟಿದ್ದ, ಸರ್ ಹೋದ ವರ್ಷ ತಮ್ಮ ಗಿಡ ತೋರಿಸ್ತಾ ಮಾತಾಡಿ ಕಳಿಸಿದ್ದ ವಿಡಿಯೋನೂ ಹೋಯ್ತು.”