ತಂಗಿಯ ಭಾಷಣಕ್ಕೆ ತಂದ ಸುದ್ದಿ

ಹಳೆ ಪೇಪರಿನ ವಾಸನೆ ಬಂದರೆ ಈಗಲೂ ನನಗೆ ತಂಗಿಯ ಆ ಭಾಷಣ ನೆನಪಾಗುತ್ತದೆ.

ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಬೇಕೆಂದು ತಂಗಿ ಒಂದು ಸ್ಪರ್ಧೆಗೆ ಭಾಷಣ ಬರೆದಿದ್ದಳು. ಗೆದ್ದರೆ ಅವಳನ್ನೂ ಕಳಿಸುತ್ತೇನೆಂದು ಅಪ್ಪ ಒಪ್ಪಿದ್ದ. ಆದರೆ ಅವಳೊಬ್ಬಳನ್ನೇ ಅವನು ಬಸ್ಸು ಹತ್ತಿಸುತ್ತಿರಲಿಲ್ಲ, ಅದಕ್ಕೆ ಪೇಟೆಗೆ ನಾನೇ ಹೋಗಬೇಕಾಯಿತು.

"ಅಣ್ಣಾ, ಹುಕ್ಕೇರಿ ಲೈಬ್ರರಿಯೊಳಗ ಪೇಪರ್ ನೋಡಿ ಒಂದ ಖರೆ ಸುದ್ದಿ ಬರಕೊಂಡ ಬಾ" ಅಂದಳು.

ಐದನೇ ಇಯತ್ತೆಗೆ ಸಾಲಿ ಬಿಟ್ಟಿದ್ದ ನನಗೆ ಲೈಬ್ರರಿಯ ಹಳೆ ಪೇಪರಿನ ರಾಶಿಯಲ್ಲಿ ಒಂದು ಸುದ್ದಿಯನ್ನೂ ನೆಟ್ಟಗೆ ಓದಲಾಗಲಿಲ್ಲ. ಹಾಗೆ ಹೇಳಲು ನಾಚಿಕೆಯಾಗಿ, ಮೂಡಲಗಿಯ ಹುಡುಗಿಯೊಬ್ಬಳು ನರ್ಸಾಗಿ ತನ್ನ ಅಪ್ಪನ ಜೀವ ಉಳಿಸಿದಳೆಂದು ಕಥೆ ಕಟ್ಟಿ, ಪೇಪರಿನ ಸುದ್ದಿಯೆಂದೇ ತಂಗಿಗೆ ಹೇಳಿದೆ.

ಸ್ಪರ್ಧೆಯಲ್ಲಿ ಗುರುಗಳು, "ಯಾವ ಪೇಪರಿನ್ಯಾಗ ಬಂದಿತ್ತವಾ?" ಎಂದು ಕೇಳಿದರು. ತಂಗಿ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಸುದ್ದಿ ಸುಳ್ಳೆಂದು ಎಲ್ಲರಿಗೂ ತಿಳಿದು, ಬಹುಮಾನ ಬೇರೆಯವರ ಪಾಲಾಯಿತು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅಪ್ಪ ತಂಗಿಯನ್ನು ನೋಡಿ ನಕ್ಕ. "ಸುಳ್ಳ ಹೇಳಾಕ ಕಾಲೇಜ್ ಯಾಕ ಬೇಕ? ಯಾರ ಹೇಳಿಕೊಟ್ರ ನಿನಗ?"

"ಯಾರೂ ಇಲ್ಲಪಾ, ನಾನೇ ಹುಟ್ಟಿಸಿದ್ದೆ" ಅಂದಳು ತಂಗಿ.