ಒಡಕು ಮಗ್ಗಿನ ಸಸಿ

ಪ್ರಯೋಗಾಲಯದ ಹತ್ತು ಗಂಟೆಯ ಕಾಫಿಗೆ, ಅಲ್ಲಿನ ವಾಡಿಕೆಯಂತೆ ತಲೆಗೊಂದೇ ಬಿಸ್ಕತ್ತು ಹಂಚಿ ಹಾರ್ಮೆನ್ ಡಬ್ಬಿ ಮುಚ್ಚಿದ. ಫೆನ್ನಾ ಮಾತ್ರ ತಿನ್ನುವುದನ್ನೇ ಮರೆತಳು. ಹೀಟರಿನ ಮೇಲಿದ್ದ ಒಡಕು ಮಗ್ಗಿನಲ್ಲಿ ಅವಳದೇ ಸಸಿ! ಎಲೆಗೆ ಹಸಿರು ತರುವ ಜೀನು ಸತ್ತಿದೆಯೆಂದು ಬರೆದು, ಕೆಂಪು ಚೀಟಿ ಅಂಟಿಸಿ, ಹೋದ ತಿಂಗಳು ಅವಳೇ ಕಸಕ್ಕೆ ಕಳಿಸಿದ್ದ ಬಿಳಿಚಿದ ಸಸಿ. ಈಗ ಅದರ ಎರಡು ಹೊಸ ಎಲೆಗಳು ಹಚ್ಚಹಸಿರು.

"ಹಾರ್ಮೆನ್, ಇದನ್ನ ಎಸೀಲಿಲ್ವಾ ನೀವು?"

ಗಾಜಿನಮನೆ ಕಾಯುವ ಮುದುಕ ತಲೆ ಕೆರೆದುಕೊಂಡ. "ಬೈಬೇಡ ಕಣಮ್ಮ. ಮೂವತ್ತು ವರ್ಷಕ್ಕೆ ಇದೊಂದೇ ಕಳ್ಳತನ. ನಿನ್ನ ಪ್ರಯೋಗದ ಕೋಣೆ ಬಲು ಥಂಡಿ. ಪಾಪ, ಚಳಿಯಾಗಿರ್ಬೇಕು ಅನ್ನಿಸ್ತು."

ಮೂರು ವರ್ಷ ಆ ಜೀನನ್ನು ಅಕ್ಷರ ಅಕ್ಷರವಾಗಿ ಓದಿದವಳು ಫೆನ್ನಾ. ಅದು ಸತ್ತಿರಲಿಲ್ಲ, ಚಳಿಗೆ ಮುದುರಿಕೊಂಡಿತ್ತು. ಅವಳು ಎದ್ದು, ಯಾರೂ ಎರಡನೇ ಸಲ ಮುಟ್ಟದ ಆ ಡಬ್ಬಿಯ ಮುಚ್ಚಳ ತೆರೆದು, ಇನ್ನೊಂದು ಬಿಸ್ಕತ್ತನ್ನು ಹಾರ್ಮೆನ್‌ನ ಕೈಗಿಟ್ಟಳು.