ಅಣ್ಣನ ಟೈರು

ಫೈನಲ್ ರೇಸಿಗೆ ಇನ್ನೇನು ಕರೆ ಬರಬೇಕು, ಅಷ್ಟರಲ್ಲಿ ಅತ್ತಿಗೆ ಕ್ಯಾತೆ ತೆಗೆದಳು. ಟೈರು ಬಿಚ್ಚಬೇಡ, ಬಾಡಿ ಬದಲಿಸಬೇಡ, ಕಾರು ಹೇಗಿದೆಯೋ ಹಾಗೇ ಓಡಲಿ ಎಂದು ಅವಳ ಹಟ. ಮೈದುನ ಸ್ಪ್ಯಾನರ್ ಹಿಡಿದು ಕೂತಿದ್ದ. ಎದುರಿಗೆ ಮೇಜಿನ ಮೇಲೆ ಮೊಳದುದ್ದದ ರಿಮೋಟ್ ಕಾರು ಹೊಟ್ಟೆ ಮೇಲಾಗಿ ಬಿದ್ದಿತ್ತು. ಅಣ್ಣ ಸತ್ತು ವರ್ಷವಾದರೂ ಅದರಲ್ಲಿ ಅವನು ಹಾಕಿಸಿದ ಟೈರುಗಳೇ ಇದ್ದವು. ರಬ್ಬರಿನ ಮುಳ್ಳುಗಳೆಲ್ಲ ಸವೆದು ಬೋಳುಬೋಳಾಗಿದ್ದವು.

ಟ್ರ್ಯಾಕಿನದು ಸಡಿಲ ಮಣ್ಣು, ಮೇಲೆ ಈಗಷ್ಟೇ ನೀರು ಬೇರೆ ಹೊಡೆದಿದ್ದಾರೆ. ಇಂಥ ನೆಲಕ್ಕೆ ಉದ್ದ ಮುಳ್ಳಿನ ಟೈರೇ ಬೇಕೆಂಬುದು ನಿನ್ನೆ ಮೊನ್ನೆ ರಿಮೋಟ್ ಹಿಡಿದವನಿಗೂ ಗೊತ್ತು. ಅತ್ತಿಗೆಗೆ ಗೊತ್ತಿಲ್ಲವೇ? ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಪಳಗಿದ ಕೈ ಅವಳದು. ಟೈರಿನೊಳಗೆ ಸ್ಪಂಜು ತುಂಬಿ, ಅಂಟಿನ ಒಂದು ಹನಿಯೂ ಆಚೆ ಹರಿಯದಂತೆ ರಿಮ್ಮಿಗೆ ಅಂಟಿಸಿಕೊಡುತ್ತಿದ್ದವಳು ಅವಳೇ. ಈ ಸಲ ಮಾತ್ರ ಎಷ್ಟು ಗೋಗರೆದರೂ ಇವತ್ತು ನಾಳೆ ಎಂದು ಸಾಗಹಾಕಿದ್ದಳು. ಕೊನೆಗೆ ಮೈದುನನೇ ಹೊಸ ಟೈರುಗಳ ಜೊತೆಗೆ ತನ್ನ ಬೆರಳುಗಳನ್ನೂ ಅಂಟಿಸಿಕೊಂಡು, ಒದ್ದಾಡಿ ಕೆಲಸ ಮುಗಿಸಿದ್ದ.

ನಿಜ ಹೇಳಬೇಕೆಂದರೆ ಅವನ ತಲೆ ಕೆಟ್ಟದ್ದು ಬೆಳಗಿನ ರೇಸಿನಲ್ಲಿ. ಆ ಬೋಳು ಟೈರಿಗೆ ಕಾರು ಜಾರಿ ಪಲ್ಟಿ ಹೊಡೆಯಬೇಕಿತ್ತು, ನೋಡಿದರೆ ನೆಲ ಕಚ್ಚಿಕೊಂಡು ಓಡಿತು. ಇವನು ಬ್ರೇಕ್ ಒತ್ತುವ ಮೊದಲೇ ನಿಧಾನವಾಯಿತು. ತಿರುವಿನಲ್ಲಿ ಹೊರಗಿನಿಂದ ತಿರುಗಿಸೋಣವೆಂದರೆ ಒಳಗಿನಿಂದ ನುಗ್ಗಿತು. ಮುಂದಿದ್ದ ಕಾರನ್ನು ಬೇಕೆಂದೇ ಗುದ್ದಿ ಪಕ್ಕಕ್ಕೆ ತಳ್ಳಿತು. ಅಡ್ಡ ಬಂದವರನ್ನು ಗುದ್ದಿಕೊಂಡೇ ಹೋಗುವುದು ಅಣ್ಣನ ಚಾಳಿ, ರೇಸಿನಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ. ಕಾರು ಮೊದಲನೆಯದಾಗಿ ಬಂದಾಗ ಎಲ್ಲರೂ ಮೈದುನನ ಬೆನ್ನು ತಟ್ಟಿ, ಥೇಟ್ ನಿಮ್ಮಣ್ಣ ಕಣಯ್ಯಾ ಅಂದರು. ಅವನಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಮೈ ಉರಿದಿತ್ತು. ಹುಟ್ಟಿದಾಗಿನಿಂದ ಅವನು ಅಣ್ಣನ ತಮ್ಮ, ಸ್ವಂತ ಹೆಸರೇ ಇಲ್ಲದವನಂತೆ. ಗೆಲುವಂತೆ, ಕತ್ತೆ ಬಾಲ! ಒಂದೇ ಒಂದು ಸಲ ಕಾರು ತನ್ನ ಕೈಯ ಮಾತು ಕೇಳಬೇಕು, ಅವನಿಗೆ ಬೇಕಾದದ್ದು ಅಷ್ಟೇ.

"ಎಷ್ಟು ದಿನ ಅಂತ ಹೀಗೇ ಇಟ್ಕೊಂಡಿರ್ತೀರಾ ಅತ್ತಿಗೆ? ಅಣ್ಣ ಹೋಗಿ ಆಯ್ತು, ಬಿಟ್ಟುಬಿಡಿ ಇನ್ನ" ಎಂದ.

"ಅವರು ಅದರಲ್ಲೇ ಇರಲಿ ಕಣೋ. ನಿನ್ನ ದಮ್ಮಯ್ಯ."

ಅಣ್ಣ ಈ ಹೆಂಗಸಿಗೆ ಒಂದು ದಿನ ನೆಮ್ಮದಿ ಕೊಟ್ಟವನಲ್ಲ. ಕೂತರೆ ತಪ್ಪು, ನಿಂತರೆ ತಪ್ಪು. ಅವಳು ಗಟ್ಟಿಯಾಗಿ ನಗುವುದನ್ನು ಮನೆಯವರು ಕೇಳಿದ್ದೇ ಅವನು ಹೋದ ಮೇಲೆ. ಏನೇ ಆದರೂ ಗಂಡ ಗಂಡನೇ, ಪಾಪ, ಸವೆದ ಟೈರಿನ ಮೇಲೂ ಮಮತೆ ಇರುತ್ತದೆ ಎಂದುಕೊಂಡ. ಎಂದುಕೊಂಡವನು ಸ್ಪ್ಯಾನರ್ ತಿರುಗಿಸಿಯೇಬಿಟ್ಟ. ಅಣ್ಣ ಒಳಮೈಗೆ ಕಪ್ಪು ಬಣ್ಣ ಹೊಡೆದಿದ್ದ ತೆಳು ಪ್ಲಾಸ್ಟಿಕ್ ಬಾಡಿಯನ್ನೂ ಕಳಚಿ, ಮೂತಿ ಮುಂದಕ್ಕೆ ಚಾಚಿದ ಹೊಸ ಹಳದಿ ಬಾಡಿ ಕೂರಿಸಿದ. ಹಳೆಯದನ್ನೆಲ್ಲ ಕಸದ ಡಬ್ಬಿಗೆ ಹಾಕಿದ. ಅತ್ತಿಗೆ ಅಳಲಿಲ್ಲ, ಬೈಯಲೂ ಇಲ್ಲ. ಡಬ್ಬಿಯನ್ನೇ ನೋಡುತ್ತಾ ಹಿಂದೆ ಹಿಂದೆ ಸರಿದು ಗೋಡೆಗೆ ಆತು ನಿಂತಳು.

ಫೈನಲಿನಲ್ಲಿ ಕಾರು ಹೇಳಿದ ಹಾಗೆ ಕೇಳಿತು. ಬ್ರೇಕ್ ಒತ್ತಿದಲ್ಲಿ ನಿಂತಿತು, ತಿರುಗಿಸಿದತ್ತ ತಿರುಗಿತು. ದಿಬ್ಬದಿಂದ ಹಾರಿಸುವಾಗ ಇವನೇ ಅವಸರ ಮಾಡಿ ಅಂಗಾತ ಬೀಳಿಸಿದ. ಅಂಚಿನಲ್ಲಿ ನಿಂತಿದ್ದವರು ಓಡಿಬಂದು ಎತ್ತಿ ನಿಲ್ಲಿಸಿದ ಮೇಲೆ, ಮುಂದಿನ ತಿರುವಿನಲ್ಲಿ ಮತ್ತೆ ಬೀಳಿಸಿದ. ಎಲ್ಲರಿಗಿಂತ ಕೊನೆಗೆ ಬಂದ. ನಿಮ್ಮಣ್ಣನ ಮಾನ ಕಳೆದೆಯಲ್ಲೋ ಎಂದು ಯಾರೋ ಹಂಗಿಸಿದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸೋತದ್ದೆಲ್ಲ ತನ್ನದೇ ಸೋಲು, ಒಂದು ಚೂರೂ ಬೇರೆಯವರದ್ದಲ್ಲ.

ಸಾಮಾನನ್ನೆಲ್ಲ ಡಿಕ್ಕಿಗೆ ತುಂಬಿ, ಶಿಳ್ಳೆ ಹಾಕುತ್ತಾ ಮನೆಯ ಕಾರಿನ ಮುಂದಿನ ಬಾಗಿಲು ತೆಗೆದು ಅತ್ತಿಗೆಯನ್ನು ಕರೆದ. ಅವಳು ಹಿಂದಿನ ಬಾಗಿಲು ತೆಗೆದು ಒಳಗೆ ಹೋಗಿ, ಮೂಲೆಯಲ್ಲಿ ಮುದುಡಿ ಕೂತಳು. ಇದೇನು ಅತ್ತಿಗೆ, ನನ್ನನ್ನು ಡ್ರೈವರ್ ಮಾಡಿಬಿಟ್ರಲ್ಲ ಎಂದು ಅವನು ತಮಾಷೆ ಮಾಡಿದ. ಅವಳು ನಗಲಿಲ್ಲ.

"ಇಷ್ಟು ದಿನ ಅವರು ಆ ಟೈರಲ್ಲಿ ಓಡಾಡ್ಕೊಂಡಿದ್ರು" ಎಂದಳು. "ನನ್ನ ಪಾಡಿಗೆ ನಾನಿದ್ದೆ."

ಅವನು ಕಾರು ಸ್ಟಾರ್ಟ್ ಮಾಡಿದ. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಕಾರು ಕುಂಯ್ ಕುಂಯ್ ಎನ್ನುತ್ತದಲ್ಲ, ಆ ಸದ್ದು ಶುರುವಾಯಿತು. ಸೀಟಿನ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಎಂಜಿನ್ ಆರಿಸಿ ಮತ್ತೆ ಹಚ್ಚಿದ. ಸದ್ದು ಇನ್ನೂ ಜೋರಾಯಿತು.

ಹಿಂದಿನಿಂದ ಅತ್ತಿಗೆ ತಲೆಯೆತ್ತದೆ ಹೇಳಿದಳು: "ಬೆಲ್ಟ್ ನೀನೇ ಹಾಕಪ್ಪ. ಅವರು ಯಾವತ್ತು ತಾವಾಗಿ ಹಾಕ್ಕೊಂಡಿದಾರೆ?"